ಹಿಮ ಬಿದ್ದ ದಿನ ಮಾನಾಪೊ ದೊಡ್ಡಿ ಹೊಕ್ಕದ್ದು

ನಮ್ಮೂರು ಹಾ ರಾಫುಬೆಯಲ್ಲಿ ಹಿಮ ಬೀಳುವುದು ಮೂವತ್ತು ನಲವತ್ತು ವರ್ಷಕ್ಕೊಂದು ಸಲ. ಹಾಗಾಗಿ ಅದು ಬಿದ್ದ ದಿನ ಏನು ಮಾಡಬೇಕೆಂದು ಊರಿನಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ದೊಡ್ಡಮನುಷ್ಯರೂ ಇಲ್ಲಿ ಯಾರೂ ಇಲ್ಲ. ಗೊತ್ತಿದ್ದವಳು ಮಾನಾಪೊ ಒಬ್ಬಳೇ. ಅವಳನ್ನು ಕೇಳುವ ಯೋಚನೆ ಯಾರ ತಲೆಗೂ ಹೊಳೆಯುವುದಿಲ್ಲ.

ನಮ್ಮ ಕಡೆ ಚಳಿಗಾಲ ಮುಗಿಯುವುದು ಸೆಪ್ಟೆಂಬರಿನಲ್ಲಿ. ಸೆಪ್ಟೆಂಬರ್ ಬಂದು, ಪೀಚ್ ಗಿಡಗಳು ಹೂಬಿಟ್ಟು, ಚಳಿಗಾಲ ಮುಗಿಯಿತೆಂದು ಗಂಡಸರೆಲ್ಲ ಕಂಬಳಿಯನ್ನು ಹೆಗಲಿನಿಂದ ಇಳಿಸಿ ಬರಿ ಅಂಗಿಯಲ್ಲಿ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದರು. ಆಗ ಬಿತ್ತು. ಬೆಳಗ್ಗೆ ಮಾನಾಪೊ ಬಾಗಿಲು ತೆಗೆದರೆ ಅಂಗಳವಿಲ್ಲ, ಬೇಲಿಯಿಲ್ಲ, ಪೀಚ್ ಗಿಡದ ಹೂವೂ ಕಾಣುತ್ತಿಲ್ಲ. ಕಣಕಾಲು ಮುಳುಗುವಷ್ಟು ಹಿಮ. ಇನ್ನೂ ಸಣ್ಣಗೆ ಉದುರುತ್ತಲೇ ಇದೆ. ಅವಳು ಬಾಗಿಲಲ್ಲಿ ನಿಂತು, ಒಬ್ಬಳೇ, ಜೋರಾಗಿ ನಕ್ಕುಬಿಟ್ಟಳು. ಮೂವತ್ತೊಂದು ವರ್ಷದಿಂದ ಅವಳು ಕಾಯುತ್ತಿದ್ದ ನೆಂಟ ಬಂದಹಾಗಾಗಿತ್ತು.

ಮಾನಾಪೊ ಮೊಖೊಟ್ಲಾಂಗಿನ ಕಡೆಯವಳು, ಮೇಲುಬೆಟ್ಟದ ಹುಡುಗಿ. ಅಲ್ಲಿ ಪ್ರತಿ ಚಳಿಗಾಲವೂ ಹಿಮ ಬಂದು ತಿಂಗಳುಗಟ್ಟಲೆ ಕೂತುಬಿಡುತ್ತದೆ. ಅವಳ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಆದ್ದರಿಂದ ಹದಿನೆಂಟು ತುಂಬುವವರೆಗೆ ಕಂಬಳಿ ಹೊದ್ದು, ಗಂಬೂಟು ತೊಟ್ಟು, ಅಪ್ಪನ ಮೇಕೆಗಳನ್ನು ಕಾದವಳು ಅವಳೇ. ನಮ್ಮೂರಿನ ಟೆಬೆಲೊ ಕುದುರೆ ಕೊಳ್ಳಲು ಹೋದವನು ಕುದುರೆಯ ಜೊತೆಗೆ ಇವಳನ್ನೂ ಮೆಚ್ಚಿಕೊಂಡು ಬಂದ. ಸೊಸೆ ಮನೆಗೆ ಕಾಲಿಟ್ಟ ದಿನವೇ, ಮುಂದೆ ಹುಟ್ಟಬೇಕಾದ ಮಗನ ಹೆಸರನ್ನು ಅವಳಿಗೆ ಅಂಟಿಸಿ ಕರೆಯುವುದು ನಮ್ಮ ಪದ್ಧತಿ. ಮಾನಾಪೊ ಅಂದರೆ ನಾಪೊನ ತಾಯಿ. ನಾಪೊ ಹುಟ್ಟಲೇ ಇಲ್ಲ. ಮೊಸೆಲೆ ಎಂಬ ಮಗಳು ಹುಟ್ಟಿ, ಬೆಳೆದು, ಬೇರೆ ಊರಿಗೆ ಮದುವೆಯಾಗಿ ಹೋದಳು. ಇಲ್ಲದ ಮಗನ ಹೆಸರು ಮಾತ್ರ ಇವಳ ಮೈಮೇಲೆ ಉಳಿಯಿತು.

ಆದರೆ ಊರಿನವರು ಹಿಂದಿನಿಂದ ಕರೆಯುತ್ತಿದ್ದದ್ದು 'ಬೆಟ್ಟದವಳು' ಎಂದು. ನಲ್ಲಿಯ ಹತ್ತಿರ ಅವಳು ಬಂದರೆ ಹೆಂಗಸರು ಮೂಗು ಮುಚ್ಚಿಕೊಂಡು, ಎಲ್ಲಿಂದಲೋ ಹೊಗೆ ವಾಸನೆ ಬರುತ್ತಿದೆಯಲ್ಲ ಎಂದು ಒಬ್ಬರ ಮುಖ ಒಬ್ಬರು ನೋಡುವುದು. ಗಂಡಸರು ಅವಳ ಅಂಗಳದಲ್ಲೇ ಕೂತು, ಅವಳೇ ಮಾಡಿದ ಜೋಳದ ಹೆಂಡ ಕುಡಿಯುತ್ತ, ಬೆಟ್ಟದವರು ಸೋಪನ್ನು ಗಿಣ್ಣೆಂದು ತಿಂದ ಕಥೆಯನ್ನು ನೂರನೆಯ ಸಲ ಹೇಳಿಕೊಂಡು ನಗುವುದು. ಮಾನಾಪೊ ಇದಕ್ಕೆಲ್ಲ ಅತ್ತವಳಲ್ಲ. ಇವರ ತಾತ್ಸಾರಕ್ಕೆ ಎರಡರಷ್ಟು ತಾತ್ಸಾರವನ್ನು ಹೊಟ್ಟೆಯೊಳಗೆ ಸಾಕಿಕೊಂಡು ಆರಾಮವಾಗಿದ್ದಳು.

ಇಂಥವಳಿಗೆ ಇಂಥ ದಿನ ಸಿಕ್ಕಿತು. ಇವತ್ತು ಒಂದು ಕಡ್ಡಿಯನ್ನೂ ಅತ್ತಿಂದಿತ್ತ ಎತ್ತಿಡುವುದಿಲ್ಲ ಎಂದು ಅವಳು ನಿರ್ಧಾರ ಮಾಡಿದಳು. ಬೆರಣಿಯ ಬೆಂಕಿ ಹೊತ್ತಿಸಿದಳು. ಜೋಳ ಮತ್ತು ಹುರುಳಿಕಾಯಿ ಬೀಜ ಒಟ್ಟಿಗೆ ಬೇಯಲಿಟ್ಟಳು. ತಲೆಗೆ ವಸ್ತ್ರ ಕಟ್ಟಿ, ಟೆಬೆಲೊನ ದಪ್ಪ ಕಂಬಳಿಯನ್ನು ಮೈತುಂಬ ಸುತ್ತಿ ಪಿನ್ನು ಹಾಕಿ, ಬಾಗಿಲಿನಲ್ಲಿ ಬೋಸಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಬೆನ್ನಿಗೆ ಬೆಂಕಿ, ಮುಖಕ್ಕೆ ಹಿಮ. ಅವಳ ಮನೆ ಇಳಿಜಾರಿನಲ್ಲಿ, ಊರಿನ ದಾರಿಯ ಪಕ್ಕಕ್ಕೇ ಇದೆ. ಕೂತಲ್ಲಿಂದ ಕೆಳಗಿನ ಊರೆಲ್ಲ ಕಾಣುತ್ತದೆ.

ಮೊದಲು ಕಂಡವನು ಅಂಗಡಿಯ ಮೊಕೆಟೆ. ವ್ಯಾನಿನ ಮುಂಗಾಜಿನ ಮೇಲೆ ಹಿಮ ಕೂತಿದೆಯೆಂದು ಆ ಬುದ್ಧಿವಂತ ಕುದಿಯುವ ನೀರಿನ ಕೆಟಲ್ ತಂದು ಸುರಿದ. ಗಾಜು ಟಪ್ಪೆಂದು ಮೇಲಿಂದ ಕೆಳಗೆ ಸೀಳಿತು. ಮೊಕೆಟೆ ಕೆಟಲನ್ನೇ ತಿರುಗಿಸಿ ತಿರುಗಿಸಿ ನೋಡಿದ, ತಪ್ಪು ಅದರದ್ದೇ ಎನ್ನುವ ಹಾಗೆ. ಆಮೇಲೆ ಶಾಲೆಯ ಮೇಡಂ ಬಂದಳು, ಕಾಲಿಗೆ ಚಪ್ಪಲಿ, ಕೈಗೆ ಫೋನು. ತನ್ನ ಫೋಟೋ ತಾನೇ ತೆಗೆದುಕೊಳ್ಳುತ್ತ ಹಿಂದೆ ಹಿಂದೆ ಹೆಜ್ಜೆಯಿಟ್ಟು ಚರಂಡಿಗೆ ಬಿದ್ದಳು; ಬಿದ್ದಲ್ಲಿಂದಲೇ ಇನ್ನೊಂದು ತೆಗೆದಳು. ನಲ್ಲಿಗೆ ಹೋಗುವ ಕೆಲಸ ತಪ್ಪಿತೆಂದು ಮೂವರು ಹೆಂಗಸರು ಬಾನಿಗಳಲ್ಲಿ ಹಿಮ ತುಂಬಿಕೊಂಡು ಹೊತ್ತುಕೊಂಡು ಹೋದರು. ಕರಗಿಸಿದರೆ ಬಾನಿಗೆ ಎರಡು ತಂಬಿಗೆ ನೀರೂ ಬರುವುದಿಲ್ಲ. ಮಾನಾಪೊ ಹೇಳಬಹುದಿತ್ತು. ಹೇಳಲಿಲ್ಲ.

ಇದಕ್ಕೆಲ್ಲ ಕಿರೀಟವಿಟ್ಟಂತೆ ಊರಿನ ಸಾರುವವನು ಬಂದ. ನಮ್ಮಲ್ಲಿ ಆಲಿಕಲ್ಲು ಬಿದ್ದ ಮಾರನೆಯ ದಿನ ಯಾರೂ ಹೊಲಕ್ಕೆ ಹೋಗಬಾರದು, ಯಾವ ಕೆಲಸವನ್ನೂ ಮಾಡಬಾರದೆಂಬ ನಿಯಮವಿದೆ. ಆದರೆ ಹಿಮಕ್ಕೆ ಯಾವ ನಿಯಮ? ಊರಿನ ಮುಖ್ಯಸ್ಥ, ಅಂದರೆ ನಮ್ಮ ಮೊರೆನಾ, ಹೋದ ವರ್ಷವಷ್ಟೇ ಅಪ್ಪನ ಜಾಗಕ್ಕೆ ಬಂದ ಎಳೆಯ. ಅವನಿಗೆ ಗೊತ್ತಿರಲಿಲ್ಲ. ಊರಿನ ಪದ್ಧತಿಗಳಿಗೆಲ್ಲ ತಾನೇ ಬೀಗದಕೈ ಎಂದುಕೊಂಡಿರುವ ಮುದುಕ ಟ್ಲಾಲಿಯನ್ನು ಕೇಳಿದ. ಟ್ಲಾಲಿಗೂ ಗೊತ್ತಿರಲಿಲ್ಲ; ಆದರೆ ಗೊತ್ತಿಲ್ಲ ಅನ್ನುವ ಮಾತು ಆ ಬಾಯಿಯಿಂದ ಹುಟ್ಟಿದ್ದೇ ಇಲ್ಲ. ಅದೂ ಬಿಳಿ, ಇದೂ ಬಿಳಿ, ಎರಡೂ ಒಂದೇ ಎಂದುಬಿಟ್ಟ.

"ಕೇಳ್ರಪ್ಪೋ ಕೇಳಿ! ಇವತ್ತು ಆಲಿಕಲ್ಲಿನ ದಿನ ಅಂತ ಮೊರೆನಾ ಅಪ್ಪಣೆ! ಯಾರೂ ಹೊಲಕ್ಕೆ ಹೋಗ್ಬಾರ್ದು, ಗುದ್ದಲಿ ಮುಟ್ಬಾರ್ದು, ಕೆಲ್ಸ ಮಾಡ್ಬಾರ್ದು!"

"ಹೊಲ ಎಲ್ಲಿದೆ ಅಂತ ಕಂಡ್ರೆ ತಾನೇ ಹೋಗೋದು?" ಎಂದಳು ಮಾನಾಪೊ ಕೂತಲ್ಲಿಂದಲೇ.

"ನನ್ನನ್ನ ಕೇಳ್ಬೇಡಿ ಮ್ಮೆ, ತಾಯೀ. ನಾನು ಸಾರೋನು ಅಷ್ಟೆ," ಎಂದು ಅವನು ಜಾರುತ್ತ ಏಳುತ್ತ ಮುಂದೆ ಹೋದ.

ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು ಮಾನಾಪೊ. ಬೆಂದ ಜೋಳವನ್ನು ಬಟ್ಟಲಿಗೆ ಹಾಕಿಕೊಂಡು ಒಂದೊಂದೇ ಕಾಳು ಬಾಯಿಗೆ ಎಸೆದುಕೊಂಡಳು. ಹುಡುಗಿಯಾಗಿದ್ದಾಗ ಮಾಡುತ್ತಿದ್ದ ಹಾಗೆ ಅಂಗಳದಿಂದ ಒಂದು ಹಿಡಿ ಹಿಮ ತೆಗೆದು ಹಾಲಿನ ಜೊತೆ ಕಲಸಿ ತಿಂದಳು. ಹಲ್ಲು ಜುಮ್ಮೆಂದಿತು. ಇಂಥ ಸುಖ ಅವಳಿಗೆ ಈ ಊರಿನಲ್ಲಿ ಒಂದು ದಿನವೂ ಸಿಕ್ಕಿರಲಿಲ್ಲ.

ಮೇಕೆಗಳ ನೆನಪು ಬರದೆ ಇರಲಿಲ್ಲ. ಬಂದಿತ್ತು, ಬಂದಾಗೆಲ್ಲ ಅದನ್ನು ಪಕ್ಕಕ್ಕೆ ತಳ್ಳಿದ್ದಳು.

ಟೆಬೆಲೊ ನಾಲ್ಕು ವರ್ಷದ ಹಿಂದೆ ತೀರಿಹೋದ. ಬಿಟ್ಟುಹೋದದ್ದು ಎರಡು ಕೋಣೆಯ ತಗಡಿನ ಮನೆ, ಅದರ ಪಕ್ಕದ ಹುಲ್ಲಿನ ಗುಂಡುಮನೆ, ಮತ್ತು ಹದಿನೇಳು ಉಣ್ಣೆಮೇಕೆಗಳು. ಆ ಹಿಂಡಿನ ಮೊಟ್ಟಮೊದಲ ಮೇಕೆಯನ್ನು ತಾನೇ ಬೆಟ್ಟದಿಂದ ನಡೆಸಿಕೊಂಡು ಬಂದಿದ್ದಳು ಮಾನಾಪೊ. ಮಣ್ಣು ಮಾಡಿ ಬಂದ ಮೂರನೆಯ ದಿನ ಟೆಬೆಲೊನ ಅಣ್ಣ ಖೊಲುಮೊ ಬಂದು, ಬಹಳ ದುಃಖದಿಂದ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದ. "ನೋಡು ಮಾನಾಪೊ, ಹೆಂಗಸು ದೊಡ್ಡಿಗೆ ಕಾಲಿಡೋ ಹಾಗಿಲ್ಲ. ನಾವು ಮಾಡಿದ್ದಲ್ಲ ಇದು, ಹಿಂದಿನೋರು ಮಾಡಿದ್ದು. ಮಗನಾದ್ರೂ ಇದ್ದಿದ್ರೆ ಬೇರೆ ಮಾತು. ಮೇಕೆಗಳು ನಿನ್ನವೇ, ನನ್ನ ದೊಡ್ಡಿಲಿ ಇರ್ತವೆ ಅಷ್ಟೆ." ಅಂದಿನಿಂದ ಮೇಕೆಗಳು ಅವಳವೇ, ಉಣ್ಣೆ ಮಾತ್ರ ಅವನದ್ದು, ಮರಿ ಮಾತ್ರ ಅವನದ್ದು, ಮಾತು ಮಾತ್ರ ಅವನದ್ದು. ಸಂಜೆ ದೊಡ್ಡಿಯ ಕಲ್ಲುಗೋಡೆಯ ಹೊರಗೆ ನಿಂತು, ತರಕಾರಿ ಸಿಪ್ಪೆ ಎಸೆದು, ಗೋಡೆಯ ಮೇಲಿಂದ ತನ್ನ ಮೇಕೆಗಳ ಬೆನ್ನು ನೋಡಿ ಬರುವುದಕ್ಕೆ ಅವಳಿಗೆ ಅಪ್ಪಣೆಯಿತ್ತು.

ಈ ವರ್ಷ ಊರವರೆಲ್ಲ ಉಣ್ಣೆ ಮಾರುವ ಶೆಡ್ಡಿಗೆ ಎಲ್ಲರಿಗಿಂತ ಮೊದಲು ಉಣ್ಣೆ ತಂದವನ ಹೆಸರನ್ನು ಗೋಡೆಯ ಹಲಗೆಯ ಮೇಲೆ ಬರೆಯುತ್ತಾರೆಂದು ಸುದ್ದಿಯಾಯಿತು. ಖೊಲುಮೊನಿಗೆ ಹಲಗೆಯ ಹುಚ್ಚು ಹಿಡಿಯಿತು. ಆಗಸ್ಟ್ ಮುಗಿಯುವ ಮೊದಲೇ ಕತ್ತರಿ ಮಸೆದ. ಮಾನಾಪೊ ತನ್ನ ಅಂಗಳದಲ್ಲಿ, ಹೆಂಡಕ್ಕೆ ಕೂತ ಗಂಡಸರ ಎದುರಿಗೇ, ನಮ್ಮಲ್ಲಿ ಹಿರಿಯ ಗಂಡಸರನ್ನು ಕರೆಯುವ ಹಾಗೆ ನ್ತಾತೆ ಎಂದು ಕರೆದು, ಮೆತ್ತಗೆ ಹೇಳಿದಳು:

"ನ್ತಾತೆ, ಇನ್ನು ಮೂರು ವಾರ ತಡೀರಿ. ಗಾಳಿ ಇನ್ನೂ ಬೆಟ್ಟದ ಕಡೆಯಿಂದಾನೇ ಬೀಸ್ತಿದೆ. ಈಗ ಉಣ್ಣೆ ತೆಗೆದ್ರೆ, ಒಂದು ಚಳಿ ಬಂದ್ರೂ ಮೇಕೆ ಉಳಿಯಲ್ಲ."

ಖೊಲುಮೊ ಬಟ್ಟಲು ಕೆಳಗಿಟ್ಟು ಸುತ್ತ ನೋಡಿದ. "ಕೇಳಿದ್ರಾ? ದೊಡ್ಡಿ ಒಳಗಡೆ ಹೇಗಿರುತ್ತೆ ಅಂತ್ಲೇ ನೋಡದೋಳು ನಂಗೆ ಮೇಕೆ ಪಾಠ ಹೇಳ್ತಾಳೆ! ನಿಮ್ಮ ಬೆಟ್ಟದಲ್ಲಿ ಹೆಂಗಸ್ರೇ ಹೋತ ಇರ್ಬೇಕು, ಅಲ್ವಾ?"

ಗಂಡಸರು ಅವಳ ಹೆಂಡವನ್ನು ಬಾಯಲ್ಲಿಟ್ಟುಕೊಂಡೇ ನಕ್ಕರು. ಇನ್ನು ಈ ಮನುಷ್ಯನ ಜೊತೆ ಮೇಕೆಯ ವಿಷಯಕ್ಕೆ ಬಾಯಿ ತೆರೆಯುವುದಿಲ್ಲವೆಂದು ಅವಳು ಅಂದೇ ಆಣೆಯಿಟ್ಟುಕೊಂಡಳು. ಖೊಲುಮೊ ಹದಿನೇಳನ್ನೂ ಬೋಳಿಸಿದ. ತನ್ನ ಮೂವತ್ತು ಕುರಿಗಳನ್ನು ಮಾತ್ರ ಮುಟ್ಟಲಿಲ್ಲ. ಹವೆ ಹೇಗಿರುತ್ತದೋ ನೋಡಿಕೊಂಡು ಮಾಡೋಣ ಅಂದನಂತೆ. ಹಲಗೆಯ ಮೇಲೆ ಹೆಸರು ಬಂತು.

ಆದರೂ ಅವನ ಹತ್ತಿರ ದೊಡ್ಡ ತಗಡಿನ ಶೆಡ್ಡಿದೆ. ಎಂಥ ದಡ್ಡನಾದರೂ ಬೋಳಿಸಿದ ಮೇಕೆಗಳನ್ನು ಹಿಮದಲ್ಲಿ ಬಿಡುವುದಿಲ್ಲ; ರಾತ್ರಿಯೇ ಒಳಗೆ ಹೊಡೆದಿರುತ್ತಾನೆ. ಬೆಳಗ್ಗಿನಿಂದ ಮಾನಾಪೊ ಹೀಗೆಂದುಕೊಂಡೇ ಜೋಳ ತಿನ್ನುತ್ತಿದ್ದಳು.

ಹತ್ತು ಗಂಟೆಯ ಹೊತ್ತಿಗೆ ಖೊಲುಮೊನ ಹೆಂಡತಿ ಮಾಟ್ಸೆಕೊ ಬುಟ್ಟಿ ಹಿಡಿದು ಬಂದಳು. ಮನೆಯಲ್ಲಿ ಗ್ಯಾಸ್ ಇದೆಯೆಂದು ಬೆರಣಿ ತಟ್ಟುವುದನ್ನು ಬಿಟ್ಟವಳು ಅವಳು. ಸಿಲಿಂಡರು ಇವತ್ತೇ ಖಾಲಿಯಾಗಿತ್ತು.

"ಒಂದು ಹತ್ತು ಬೆರಣಿ ಕೊಡು ಮಾನಾಪೊ. ಏನು ಚಳಿ ಇದು! ನಿಂಗೇನಮ್ಮ, ನೀನು ಇದ್ರಲ್ಲೇ ಹುಟ್ಟಿದೋಳು."

"ತಗೊಳ್ಳಿ ಔಸಿ, ನನ್ನಕ್ಕ. ಇಪ್ಪತ್ತೇ ತಗೊಳ್ಳಿ. ಮೇಕೆ ಶೆಡ್ಡಲ್ಲಿ ಬೆಚ್ಚಗಿವೆಯಾ?"

"ಶೆಡ್ಡಲ್ಲಾ? ಶೆಡ್ಡಲ್ಲಿ ಗಾಡಿ ಇದೆಯಲ್ಲ. ಹೊಸ ಬಣ್ಣ ಹೊಡೆಸಿದ್ದಾರೆ. ಮೇಕೆ ದೊಡ್ಡಿಲೇ ಇವೆ."

"ಬಯಲಲ್ಲಿ?"

"ಹಿಮ ಉಣ್ಣೆ ಇದ್ದಂಗೆ, ಮೈಮೇಲೆ ಕೂತ್ರೆ ಬೆಚ್ಚಗಾಗುತ್ತೆ ಅಂದ್ರು ಯಜಮಾನ್ರು. ಒಂದೆರಡು ಯಾಕೋ ಮಲ್ಕೊಂಡಿವೆ. ಬೆಚ್ಚಗಾಗಿ ನಿದ್ದೆ ಬಂದಿರ್ಬೇಕು."

ಮಾನಾಪೊ ಬಟ್ಟಲನ್ನು ನೆಲಕ್ಕಿಟ್ಟು ಎದ್ದಳು. ಚಳಿಯಲ್ಲಿ ಮಲಗಿದ ಮೇಕೆ ಏಳುವುದಿಲ್ಲವೆಂದು ಅವಳಿಗೆ ಏಳನೆಯ ವಯಸ್ಸಿನಿಂದ ಗೊತ್ತು. ಮೊದಲು ಭಯವಾಯಿತು. ಅದರ ಹಿಂದೆಯೇ ನಾಚಿಕೆ ಬಂತು. ಬೆಳಗ್ಗಿನಿಂದ ನಾಲ್ಕು ಗಂಟೆ ಕಾಲ ಊರಿನ ದಡ್ಡತನ ನೋಡಿ ನಗುತ್ತ ಕೂತವಳಿಗೆ, ಎದ್ದು ನೂರು ಹೆಜ್ಜೆ ನಡೆದು ದೊಡ್ಡಿ ನೋಡಿ ಬರಲು ಬಿಗುಮಾನ ಬಿಟ್ಟಿರಲಿಲ್ಲ. ಮೊಕೆಟೆ ಒಂದು ಗಾಜು ಒಡೆದಿದ್ದ ಅಷ್ಟೆ. ಅವನಿಗಿಂತ ತಾನೇ ದೊಡ್ಡ ದಡ್ಡಿ ಎಂದು ತನ್ನನ್ನು ತಾನೇ ಬೈದುಕೊಂಡು ಗಂಬೂಟು ಹಾಕಿಕೊಂಡಳು.

ದೊಡ್ಡಿಯೊಳಗೆ ಖೊಲುಮೊ ಕೈಕಟ್ಟಿಕೊಂಡು ನಿಂತಿದ್ದ. ಮುದುಕ ಟ್ಲಾಲಿ ಹೊರಗೆ ಗೋಡೆಗೆ ಒರಗಿ ಪೈಪು ಸೇದುತ್ತಿದ್ದ. ಕುರಿಗಳು ಮೈತುಂಬ ಉಣ್ಣೆ ಹೊದ್ದು, ಮೆಲುಕು ಹಾಕುತ್ತ, ನಡುವಿನ ಜಾಗವನ್ನೆಲ್ಲ ಹಿಡಿದು ನಿಂತಿದ್ದವು. ಮೇಕೆಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದ ಹಾಗೆ ಒತ್ತಿಕೊಂಡಿದ್ದವು. ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಮೈತುಂಬ ಕತ್ತರಿಯ ಗೀರು. ಎರಡು ನೆಲ ಹಿಡಿದಿದ್ದವು. ಮಾನಾಪೊ ಮರದ ಗಳ ಅಡ್ಡಹಾಕಿದ ಗೇಟಿನ ಹೊರಗೆ ನಿಂತಳು.

"ನ್ತಾತೆ, ಮೇಕೆಗಳನ್ನ ಶೆಡ್ಡಿಗೆ ಹೊಡೀರಿ."

"ಶೆಡ್ಡಲ್ಲಿ ಗಾಡಿ ಇದೆ."

"ಗಾಡಿ ಆಚೆ ತೆಗೀರಿ. ಅದಕ್ಕೇನು ಚಳಿ ಆಗಲ್ಲ."

"ಸ್ಟಾರ್ಟ್ ಆಗ್ತಿಲ್ಲ."

"ತಳ್ಳಿ. ನಾನೂ ಕೈ ಹಾಕ್ತೀನಿ."

"ಇವತ್ತು ಕೆಲ್ಸ ಮಾಡೋ ಹಾಗಿಲ್ಲ. ಅಪ್ಪಣೆ ಕೇಳ್ಲಿಲ್ವಾ?" ಖೊಲುಮೊ ಟ್ಲಾಲಿಯ ಕಡೆ ನೋಡಿದ.

"ಗಾಡಿ ತಳ್ಳೋದೂ ಕೆಲ್ಸಾನೇ," ಎಂದ ಟ್ಲಾಲಿ ಹೊಗೆಯ ನಡುವಿನಿಂದ.

"ಹಾಗಾದ್ರೆ ಗೇಟು ತೆಗೀರಿ. ನನ್ನ ಗುಂಡುಮನೆಗೆ ಕರ್ಕೊಂಡು ಹೋಗ್ತೀನಿ. ಬೆಂಕಿ ಉರೀತಿದೆ."

ಖೊಲುಮೊ ಯೋಚನೆ ಮಾಡಿದ. ಮಾಡಿದ್ದು ಮೇಕೆಗಳ ಬಗ್ಗೆ ಅಲ್ಲ. ಆ ಹದಿನೇಳು ಬೋಳುಮೇಕೆಗಳು ಊರದಾರಿಯಲ್ಲಿ ಬೆಟ್ಟದವಳ ಹಿಂದೆ ಸಾಲಾಗಿ ಇಳಿದುಹೋದರೆ, ಹಲಗೆಯ ಮೇಲಿನ ಹೆಸರಿನ ಗತಿಯೇನು ಎಂಬುದು ಅವನ ಚಿಂತೆ.

"ನನ್ನ ದೊಡ್ಡಿ ಮೇಕೆ ಹೆಂಗಸಿನ ಅಡುಗೆಮನೆಗಾ? ಏನೂ ಬೇಕಾಗಿಲ್ಲ. ಮಧ್ಯಾಹ್ನಕ್ಕೆ ಬಿಸಿಲು ಬರುತ್ತೆ. ಮನೆಗೆ ಹೋಗು, ಬೆಂಕಿ ಕಾಯಿಸ್ಕೋ."

ಮೂಲೆಯಲ್ಲಿ ಇನ್ನೊಂದು ಮೇಕೆಯ ಮುಂಗಾಲು ಮಡಚಿತು. ಅದು ಒಂದು ಕೊಂಬು ಮುರಿದ ಮೇಕೆ, ಮರಿಯಾಗಿದ್ದಾಗ, ಟೆಬೆಲೊ ಸಾಯುವ ವರ್ಷ ತನ್ನ ಕೈಯಾರೆ ಹಾಲು ಕುಡಿಸಿ ಉಳಿಸಿದ್ದು. ಮೊಣಕಾಲೂರಿ, ಹಿಂಭಾಗ ಇನ್ನೂ ಎತ್ತಿಕೊಂಡು, ಅದು ಗೇಟಿನ ಕಡೆ ನೋಡಿತು. ಮಾನಾಪೊ ಮತ್ತೆ ಏನನ್ನೂ ಕೇಳಲಿಲ್ಲ. ಗಳ ಎಳೆದು ಬಿಸಾಡಿ ಒಳಗೆ ಕಾಲಿಟ್ಟಳು.

ಟ್ಲಾಲಿಯ ಬಾಯಿಂದ ಪೈಪು ಬಿದ್ದು ಹಿಮದಲ್ಲಿ ಚುಂಯ್ ಅಂದಿತು. "ಏ! ಏ ಹೆಂಗಸೇ! ಅದು ದೊಡ್ಡಿ!"

"ಗೊತ್ತು, ನ್ತಾತೆ. ಮೇಕೆ ಇವೆಯಲ್ಲ, ಅದನ್ನ ನೋಡೇ ಗೊತ್ತಾಯ್ತು."

ಖೊಲುಮೊ ಒಂದು ಹೆಜ್ಜೆ ಮುಂದಿಟ್ಟ. ತಡೆಯಬೇಕೆಂದರೆ ಮುಟ್ಟಬೇಕು; ತಮ್ಮನ ಹೆಂಡತಿಯನ್ನು ಮುಟ್ಟುವ ಹಾಗಿಲ್ಲ. ಸಹಾಯ ಮಾಡಬೇಕೆಂದರೆ ಬಗ್ಗಬೇಕು; ಅದು ಕೆಲಸ. ಎರಡನ್ನೂ ಮಾಡದೆ ಅವನು ಕಂಬಳಿಯ ಅಂಚನ್ನು ಸರಿಮಾಡಿಕೊಂಡ. ಮಾನಾಪೊ ಕುರಿಗಳನ್ನು ಮೊಳಕಾಲಿನಿಂದ ಅತ್ತಿತ್ತ ತಳ್ಳಿ ಮೂಲೆ ಸೇರಿದಳು. ಒಂಟಿಕೊಂಬಿನದನ್ನು ಕಿವಿ ಹಿಡಿದು ಎಬ್ಬಿಸಿ ಬೆನ್ನನ್ನು ಎರಡೂ ಅಂಗೈಯಿಂದ ಗಸಗಸ ಉಜ್ಜಿದಳು. ಆಮೇಲೆ ನಾಲಿಗೆ ಮಡಚಿ ಒಂದು ಉದ್ದನೆಯ ಸಿಳ್ಳೆ ಹಾಕಿದಳು. ಮೂವತ್ತೊಂದು ವರ್ಷ ಈ ಊರಿನಲ್ಲಿ ಯಾರೂ ಅವಳ ಬಾಯಿಂದ ಆ ಸಿಳ್ಳೆ ಕೇಳಿರಲಿಲ್ಲ. ಒಂಟಿಕೊಂಬು ತೂರಾಡುತ್ತ ಹೆಜ್ಜೆಯಿಟ್ಟಿತು. ಉಳಿದವು ಅದರ ಹಿಂದೆ ಹೊರಟವು. ನೆಲ ಹಿಡಿದ ಎರಡರಲ್ಲಿ ಒಂದನ್ನು ಹೆಗಲಿಗೆ ಹಾಕಿಕೊಂಡಳು, ಅದನ್ನು ಮನೆಯಲ್ಲಿಟ್ಟು ಬಂದು ಇನ್ನೊಂದನ್ನು ಹೊತ್ತಳು. ಎರಡನೆಯ ಸಲ ಬರುವಾಗ ಖೊಲುಮೊ ಇನ್ನೂ ಅಲ್ಲೇ ನಿಂತಿದ್ದ.

"ಇದನ್ನ ಮಾತಾಡ್ತೀವಿ," ಎಂದ.

"ಮಾತಾಡಿ ನ್ತಾತೆ. ಮಾತಾಡೋದು ಕೆಲ್ಸ ಅಲ್ಲ."

ಗುಂಡುಮನೆಯಲ್ಲಿ ಹದಿನೇಳು ಮೇಕೆ, ಒಬ್ಬಳು ಹೆಂಗಸು, ನಡುವೆ ಬೆಂಕಿ. ಹೋದ ವಾರವಷ್ಟೇ ಸಗಣಿ ಸಾರಿಸಿ ಬೆರಳಿನಿಂದ ಎಲೆಬಳ್ಳಿ ಬರೆದಿದ್ದ ನೆಲದ ಮೇಲೆ ಅವು ಮೊದಲ ಉಸಿರಿಗೇ ಉಚ್ಚೆ ಹೊಯ್ದವು. ಮಾನಾಪೊ ತನ್ನ ಕಂಬಳಿಗಳನ್ನೆಲ್ಲ ಇಳಿಸಿದಳು. ಮದುವೆಯ ಕಂಬಳಿ, ಟೆಬೆಲೊನ ಕಂಬಳಿ, ಮಗಳು ಹೆತ್ತಾಗ ಹೊದೆಯಲೆಂದು ತೆಗೆದಿಟ್ಟಿದ್ದ ಹೊಸದು ಕೂಡ. ಮೇಕೆಗಳ ಬೆನ್ನಿಗೆ ಹೊದಿಸಿ, ತನ್ನ ಪಿನ್ನುಗಳಿಂದಲೇ ಎದೆಯ ಹತ್ತಿರ ಸಿಕ್ಕಿಸಿದಳು. ಬಿಸಿನೀರಿಗೆ ಉಪ್ಪು ಸಕ್ಕರೆ ಹಾಕಿ ಒಂದೊಂದಕ್ಕೂ ಕುಡಿಸಿದಳು. ಹೊತ್ತುತಂದ ಎರಡರಲ್ಲಿ ಒಂದು ಕಿವಿ ಆಡಿಸಿತು. ಇನ್ನೊಂದು ಅವಳ ತೊಡೆಯ ಮೇಲೆ ತಲೆಯಿಟ್ಟು, ಎರಡು ಸಲ ಹಲ್ಲು ಕಡಿದು ಸತ್ತಿತು. ಆಗ ಅವಳು ಅತ್ತಳು. ನಾಲ್ಕು ಗಂಟೆ ಮೊದಲು ಬಂದಿದ್ದರೆ ಇದೂ ಉಳಿಯುತ್ತಿತ್ತೆಂದು ಅತ್ತಳು.

ಅತ್ತಾದ ಮೇಲೆ ಗೋಡೆಗೆ ಒರಗಿ ಕೂತಳು. ಹೊರಗೆ ಮತ್ತೆ ಹಿಮ ದಪ್ಪವಾಗಿ ಉದುರತೊಡಗಿತ್ತು. ಒಳಗೆ ಹದಿನಾರು ಮೇಕೆಗಳು ಒಂದೊಂದಾಗಿ ನಡುಗುವುದನ್ನು ನಿಲ್ಲಿಸಿ ಮೆಲುಕು ಹಾಕಲು ಶುರುಮಾಡಿದವು. ಬೆಚ್ಚನೆಯ ಹಸಿ ಕೂದಲಿನ ವಾಸನೆ ಎದ್ದಿತು. ನಲ್ಲಿಯ ಹತ್ತಿರ ಮೂಗು ಮುಚ್ಚಿಕೊಳ್ಳುವ ಹೆಂಗಸರು ಇವತ್ತು ಬಂದಿದ್ದರೆ ಅವರ ಮೂಗಿಗೆ ಕೈಯೇ ಸಾಲುತ್ತಿರಲಿಲ್ಲ. ಒಂಟಿಕೊಂಬು ಬಂದು ಅವಳ ಕಾಲಿಗೆ ಬೆನ್ನು ಕೊಟ್ಟು ಮಲಗಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳು ತನ್ನ ಮೇಕೆಗಳ ಬೆನ್ನನ್ನು ಗೋಡೆಯಾಚೆಯಿಂದಲ್ಲದೆ ನೋಡುತ್ತಿದ್ದಳು. ಬೆಳಗಿನ ಸುಖ ಏನೂ ಅಲ್ಲ ಅನ್ನಿಸಿತು. ಬೇರೆಯವರನ್ನು ನೋಡಿ ನಗುವುದರಲ್ಲಿ ಇಷ್ಟು ಕಾವಿರಲಿಲ್ಲ.

ಸಂಜೆಗೆ ಮಾಟ್ಸೆಕೊ ಪಾತ್ರೆ ಹಿಡಿದು ಬಂದಳು. ಸತ್ತದ್ದರ ಹಿಂಗಾಲು ಮನೆಯ ಹಿರಿಯರಿಗೆ ಸೇರಬೇಕೆಂದು ಯಜಮಾನರು ಹೇಳಿಕಳಿಸಿದ್ದರು. ಮಾನಾಪೊ ಎರಡು ಹಿಂಗಾಲನ್ನೂ ಕೊಟ್ಟು ಕಳಿಸಿದಳು. "ಒಂದು ಅವರದ್ದು, ಇನ್ನೊಂದು ಹಲಗೆದು ಅಂತ ಹೇಳಿ ಔಸಿ."

ಮಾರನೆಯ ಬೆಳಗ್ಗೆ ಬಿಸಿಲು ಬಂದು ಹಿಮವೆಲ್ಲ ಕೆಸರಾಯಿತು. ಖೊಲುಮೊ, ಟ್ಲಾಲಿ, ಅವರ ಹಿಂದೆ ಎಳೆಯ ಮೊರೆನಾ, ಮೂವರೂ ಬೂಟಿನಲ್ಲಿ ಕೆಸರೆತ್ತುತ್ತ ಅವಳ ಬಾಗಿಲಿಗೆ ಬಂದರು. ದಾರಿಯಲ್ಲಿ ಸಿಕ್ಕವರಿಗೆಲ್ಲ ಖೊಲುಮೊ, ಮೇಕೆಗಳನ್ನು ಗುಂಡುಮನೆಗೆ ಸೇರಿಸುವ ಉಪಾಯ ತನ್ನದೇ ಎಂದು ಹೇಳಿಕೊಂಡು ಬಂದಿದ್ದ. ಹೇಳಿದವನಿಗೂ ಕೇಳಿದವರಿಗೂ ನಾಚಿಕೆಯಾಗಲಿಲ್ಲ. ಉಪಾಯ ಅವನದ್ದು, ಅಪರಾಧ ಮಾತ್ರ ಅವಳದ್ದು. ಟ್ಲಾಲಿ ಗಂಟಲು ಸರಿಮಾಡಿಕೊಂಡ.

"ವಿಧವೆ ಕಾಲಿಟ್ಟು ದೊಡ್ಡಿ ಮೈಲಿಗೆ ಆಗಿದೆ. ಮಂತ್ರದ ವೈದ್ಯನ್ನ ಕರೆಸಿ ಶುದ್ಧಿ ಮಾಡಿಸ್ಬೇಕು. ಶುದ್ಧಿಗೆ ಬೇಕಾದ ಹೆಂಡ ತಪ್ಪು ಮಾಡಿದೋಳೇ ಮಾಡ್ಬೇಕು. ಹಿಂದಿನಿಂದ ಬಂದದ್ದು."

"ಮಾಡ್ತೀನಿ ನ್ತಾತೆ," ಎಂದಳು ಮಾನಾಪೊ ಬಾಗಿಲ ಚೌಕಟ್ಟಿಗೆ ಒರಗಿ.

ಜಗಳಕ್ಕೆ ತಯಾರಾಗಿ ಬಂದಿದ್ದ ಖೊಲುಮೊನಿಗೆ ಕಾಲಕೆಳಗಿನ ನೆಲ ಜಾರಿದಂತಾಯಿತು. "ಹಾಂ. ಸರಿ. ಹಾಗಾದ್ರೆ ಮೇಕೆಗಳನ್ನ ಈಗ ಹೊಡ್ಕೊಂಡು ಹೋಗ್ತೀನಿ."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ದೊಡ್ಡಿಗೆ."

"ಮೈಲಿಗೆ ದೊಡ್ಡಿಗಾ?" ಮಾನಾಪೊ ಟ್ಲಾಲಿಯ ಕಡೆ ತಿರುಗಿದಳು. "ನಂಗೆ ಇದೆಲ್ಲ ಗೊತ್ತಾಗಲ್ಲ, ಬೆಟ್ಟದವಳು. ನೀವೇ ಹೇಳಿ ನ್ತಾತೆ. ಶುದ್ಧಿ ಆಗೋವರೆಗೂ ಅದರಲ್ಲಿ ಪ್ರಾಣಿ ಇರ್ಬಹುದಾ?"

ತನ್ನನ್ನು ಕೇಳಿದ್ದಕ್ಕೇ ಟ್ಲಾಲಿ ಹಿಗ್ಗಿಹೋದ. ಖೊಲುಮೊ ಕಣ್ಣು ಮಿಟುಕಿಸಿದ್ದು ಅವನಿಗೆ ಕಾಣಲೇ ಇಲ್ಲ.

"ಛೆ ಛೆ, ಎಲ್ಲಾದ್ರೂ ಉಂಟಾ? ಒಂದು ದಿನ ಇದ್ರೂ ಗಬ್ಬದವು ಕಂದು ಹಾಕ್ತವೆ. ಕುರಿಯಾಗ್ಲಿ ಮೇಕೆಯಾಗ್ಲಿ, ಒಂದೂ ಒಳಗಿರ್ಬಾರ್ದು!"

"ಕುರೀನೂ ಇರ್ಬಾರ್ದಾ?" ಎಂದು ಮೊರೆನಾ ಕೇಳಿದ, ಖೊಲುಮೊನ ಕಡೆ ನೋಡುತ್ತ. ಅವನ ತುಟಿಯ ತುದಿ ಅಲುಗುತ್ತಿತ್ತು.

"ಕುರಿ ಮೊದ್ಲು ಆಚೆ ಬರ್ಬೇಕು!" ಎಂದ ಟ್ಲಾಲಿ.

"ಹಾಗಾದ್ರೆ ಅದೇ ಅಪ್ಪಣೆ," ಎಂದ ಮೊರೆನಾ. "ನಿಮ್ಮ ಕುರಿ ಶೆಡ್ಡಿಗೆ, ನ್ತಾತೆ ಖೊಲುಮೊ. ಗಾಡಿ ಆಚೆ ತೆಗೀರಿ. ಶುದ್ಧಿ ಆಗೋವರೆಗೂ ಮೇಕೆಗಳು ಇಲ್ಲೇ ಇರ್ಲಿ."

ಖೊಲುಮೊನ ಮುಖ ಬೆಂದ ಬೀಟ್‌ರೂಟಿನ ಬಣ್ಣಕ್ಕೆ ಬಂತು. ಬಾಗಿಲಿನಿಂದ ಕುತ್ತಿಗೆ ಚಾಚಿ ಒಳಗೆ ನೋಡಿದ. ಕಂಬಳಿ ಹೊದ್ದ ಮೇಕೆಗಳ ಹಿಂದೆ, ಗೋಡೆಯ ಬದಿಗೆ, ಹೆಂಡಕ್ಕೆಂದು ಮೊಳಕೆ ಬರಿಸಿ ಒಣಗಿಸಿದ ಜೋಳದ ಚೀಲವಿತ್ತು.

"ಮೊಳಕೆ ಜೋಳ ತಯಾರಿದೆಯಲ್ಲ! ಇವತ್ತೇ ಹೆಂಡಕ್ಕೆ ಇಡು. ಐದು ದಿನಕ್ಕೆ ಎಲ್ಲ ಮುಗಿಯುತ್ತೆ."

ಮಾನಾಪೊ ಒಳಗೆ ಹೋಗಿ ಚೀಲದ ಬಾಯಿ ಬಿಚ್ಚಿದಳು. ಒಂದು ಬೊಗಸೆ ತೆಗೆದು ಒಂಟಿಕೊಂಬಿನ ಮೂತಿಗೆ ಹಿಡಿದಳು. ಅದು ಕರಕರ ಅಗಿಯಿತು. ಇನ್ನೊಂದು ಬೊಗಸೆ ಅದರ ಪಕ್ಕದ್ದಕ್ಕೆ.

"ಇದು ಇವುಗಳದ್ದು ನ್ತಾತೆ. ಚಳಿ ತಿಂದಿವೆ. ದಿನಕ್ಕೊಂದು ಬೊಗಸೆ ಕೊಡ್ಬೇಕು, ಜಾಸ್ತಿ ಕೊಟ್ರೆ ಹೊಟ್ಟೆ ಉಬ್ಬರಿಸುತ್ತೆ."

"ಮುಗಿದ ಮೇಲೆ?"

"ಮುಗಿದ ಮೇಲೆ ಮತ್ತೆ ಮೊಳಕೆ ಹಾಕ್ತೀನಿ. ಅದೂ ಇವುಗಳಿಗೇ."

ಖೊಲುಮೊ ಹೊಸ್ತಿಲ ಆಚೆ ಕೆಸರಿನಲ್ಲಿ ನಿಂತಿದ್ದ. ಒಳಗೆ ಬನ್ನಿ ಎಂದು ಅವಳು ಕರೆಯಲಿಲ್ಲ.